ಕೊನೆಗೆ ಬಾಯಿ ಬಿಡುವ ಚೀಲ

ಆಡುವಾಗ ಬಿದ್ದು ಮಂಡಿ ತರಚಿದರೆ ರಕ್ತ ಜಿನುಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಆಮೇಲೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ. ಇದೇ ಉರಿಯೂತ. ರಕ್ತ ನಿಲ್ಲಿಸುವುದರಲ್ಲೂ ಊತ ಬರಿಸುವುದರಲ್ಲೂ ರಕ್ತದ ಕಿರುತಟ್ಟೆಗಳ ಕೈವಾಡವಿದೆ. ಡೆಂಗಿ ಬಂದಾಗ ದೊಡ್ಡವರು ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು ಗಾಬರಿಯಿಂದ ಕೇಳುತ್ತಾರಲ್ಲ, ಅವೇ ಇವು.

ಕಿರುತಟ್ಟೆ ಪೂರ್ತಿ ಜೀವಕೋಶವಲ್ಲ. ಮೂಳೆಯ ಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶದಿಂದ, ರೊಟ್ಟಿ ಮುರಿದ ಹಾಗೆ, ಉದುರಿದ ಚೂರು. ಕೋಶಕೇಂದ್ರವಿಲ್ಲ, ಆಯುಸ್ಸು 7ರಿಂದ 10 ದಿನ. ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಅಷ್ಟೇ. ಆದರೂ ಒಳಗೆ ಮೂರು ಬಗೆಯ ಚೀಲಗಳಿವೆ! ಆಲ್ಫಾ ಚೀಲಗಳು ಐವತ್ತಕ್ಕೂ ಹೆಚ್ಚು, ಸಾಂದ್ರ ಚೀಲಗಳು ಕೆಲವೇ ಕೆಲವು. ಮೂರನೆಯದು ಲೈಸೋಸೋಮ್. ಅದು ಒಂದೋ ಎರಡೋ, ಕೆಲವು ಕಿರುತಟ್ಟೆಗಳಲ್ಲಿ ಇರುವುದೇ ಇಲ್ಲ.

ಲೈಸೋಸೋಮನ್ನು 1955ರಲ್ಲಿ ಗುರುತಿಸಿದವರು ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡೂವ್, ಅದೂ ಇಲಿಯ ಯಕೃತ್ತಿನಲ್ಲಿ. 1974ರಲ್ಲಿ ನೊಬೆಲ್ ಬಂತು. ಲೈಸೋಸೋಮಿನ ಒಳಗೆಲ್ಲ ಹುಳಿ. ಆ ಹುಳಿಯಲ್ಲಿ ಪ್ರೋಟೀನು, ಸಕ್ಕರೆ, ಕೊಬ್ಬುಗಳನ್ನು ಕತ್ತರಿಸುವ ಕಿಣ್ವಗಳಿವೆ.

ರಕ್ತನಾಳ ಹರಿದಾಗ ಮೊದಲೆರಡು ಬಗೆಯ ಚೀಲಗಳು ಥಟ್ಟನೆ ತೆರೆದುಕೊಂಡು ಬೇರೆ ಕಿರುತಟ್ಟೆಗಳನ್ನು ಕರೆಯುತ್ತವೆ, ಅಂಟಿಸುತ್ತವೆ. ಲೈಸೋಸೋಮ್ ಮಾತ್ರ ಸಣ್ಣಪುಟ್ಟ ಕರೆಗೆ ಓಗೊಡುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವದಂಥ ಜೋರಾದ ಪ್ರಚೋದನೆ ಬೇಕು. ಆಗಲೂ ನಿಧಾನವಾಗಿ, ತನ್ನಲ್ಲಿರುವುದರಲ್ಲಿ ಒಂದು ಪಾಲನ್ನಷ್ಟೇ ಬಿಡುತ್ತದೆ. ಈ ಜಿಪುಣತನ ಒಳ್ಳೆಯದೇ ಅನ್ನಿ. ಕತ್ತರಿಸುವವರು ಕಟ್ಟುವವರಿಗಿಂತ ಮುಂಚೆ ಬಂದರೆ ಏನು ಗತಿ? ಸಾಮಾನ್ಯ ರಕ್ತದಲ್ಲಿ ಹುಳಿ ಇಲ್ಲದ್ದರಿಂದ ಈ ಕಿಣ್ವಗಳಲ್ಲಿ ಹೆಚ್ಚಿನವು ಅಲ್ಲಿ ಮೊಂಡಾಗುತ್ತವೆ. ಉರಿಯೂತವಾದ ಜಾಗ ತುಸು ಹುಳಿಯಾಗುವುದರಿಂದ ಅಲ್ಲಿ ಅವುಗಳಿಗೆ ಕೆಲಸ ಸಿಗುತ್ತದೆ. ಹೆಪ್ಪನ್ನೂ ಸುತ್ತಲಿನ ಅಂಗಾಂಶವನ್ನೂ ಸವರಿ ಸರಿಪಡಿಸಲು ಅವು ನೆರವಾಗುತ್ತವೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಮಿತಿಮೀರಿದರೆ ಮಾತ್ರ ಒಳ್ಳೆಯ ಅಂಗಾಂಶವೂ ಹಾಳಾಗಿ ಉರಿಯೂತ ಜಾಸ್ತಿಯಾಗಬಹುದು.

ಲೈಸೋಸೋಮ್‌ಗೆ ದಾಯಾದಿಗಳೂ ಇದ್ದಾರೆ. 1959ರಲ್ಲಿ ಹರ್ಮಾನ್‌ಸ್ಕಿ ಮತ್ತು ಪುಡ್ಲಾಕ್ ಎಂಬ ಜೆಕ್ ವೈದ್ಯರು ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ರೋಗಿಗಳ ಚರ್ಮ, ಕೂದಲು ಬೆಳ್ಳಗೆ. ಗಾಯವಾದರೆ ರಕ್ತ ಬೇಗ ನಿಲ್ಲದು. ಚರ್ಮದ ಬಣ್ಣಕ್ಕೂ ರಕ್ತ ನಿಲ್ಲುವುದಕ್ಕೂ ಎಲ್ಲಿಯ ನಂಟು? ಬಣ್ಣ ತುಂಬಿಡುವ ಚೀಲವೂ ಕಿರುತಟ್ಟೆಯ ಸಾಂದ್ರ ಚೀಲವೂ ಲೈಸೋಸೋಮಿನ ಕುಲದವೇ. ಅವನ್ನು ಕಟ್ಟಲು ಬೇಕಾದ ಒಂದು ಜೀನ್ ಕೆಟ್ಟರೂ ಸಾಕು, ಎರಡು ಕಡೆಯೂ ಪೆಟ್ಟು ಬೀಳುತ್ತದೆ.