ಮೊಬೈಲು ಮೊಂಡು ಹಿಡಿದಾಗ

“ನೆಟ್ ಬರ್ತಾ ಇಲ್ಲ”, “ಆ್ಯಪ್ ತೆರೀತಾ ಇಲ್ಲ”, “ಜಾಗ ಇಲ್ಲ ಅಂತ ಹೇಳ್ತಾ ಇದೆ” - ಈ ಮೂರು ದೂರುಗಳಲ್ಲಿ ಒಂದಾದರೂ ಕೇಳಿಬರದ ಮನೆ ಇಂದು ಅಪರೂಪ. ಪಿಂಚಣಿ ಬಂದ ಸುದ್ದಿ, ಅಡುಗೆ ಅನಿಲದ ಸಿಲಿಂಡರು, ಮಕ್ಕಳ ಶಾಲೆಯ ಶುಲ್ಕ, ರೈಲಿನ ಟಿಕೀಟು, ದೂರದೂರಿನಲ್ಲಿರುವ ಮಗನ ಮುಖದರ್ಶನ, ಇವೆಲ್ಲವೂ ಅಂಗೈಯಗಲದ ಒಂದು ಯಂತ್ರದೊಳಗೆ ಸೇರಿಕೊಂಡಿವೆ. ಅದು ಮುನಿಸಿಕೊಂಡರೆ ಮನೆಯ ಅರ್ಧ ವ್ಯವಹಾರ ನಿಂತಂತೆಯೇ ಸರಿ.

ಆಗ ನಾವು ಮಾಡುವುದೇನು? ಸಾಮಾನ್ಯವಾಗಿ ಎರಡರಲ್ಲಿ ಒಂದು. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿ, ಕಣ್ಣಿಗೆ ಕಂಡದ್ದನ್ನೆಲ್ಲ ಅಳಿಸುತ್ತೇವೆ. ಇಲ್ಲವೇ ಎಲ್ಲಿಯೋ ಸಿಕ್ಕ ‘ಸಹಾಯವಾಣಿ’ಯ ಸಂಖ್ಯೆಗೆ ಫೋನು ಮಾಡಿ, ಆ ಕಡೆಯವರು ಹೇಳಿದಂತೆ ಕುಣಿಯುತ್ತೇವೆ. ಮೊದಲನೆಯದರಿಂದ ವರ್ಷಗಳ ಭಾವಚಿತ್ರಗಳು ಹೋಗಬಹುದು. ಎರಡನೆಯದರಿಂದ ಬ್ಯಾಂಕಿನ ಹಣವೇ ಹೋಗಬಹುದು. ಮೂಲದ ತೊಂದರೆಯಾದರೋ ಎಷ್ಟೋ ವೇಳೆ ಐದು ನಿಮಿಷದಲ್ಲಿ ಸರಿಹೋಗತಕ್ಕದ್ದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಆಗಬಾರದಷ್ಟೆ. ಆದ್ದರಿಂದ ಈ ಹೊತ್ತು ಹೇಳಬೇಕೆಂದಿರುವುದು ಒಂದು ಕ್ರಮವನ್ನು: ಹಾನಿಯಿಲ್ಲದ ಉಪಾಯಗಳನ್ನು ಮೊದಲು ಮಾಡಿ, ಹಿಂದಿರುಗಿಸಲಾಗದ್ದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ.

ರೇಡಿಯೋ ಇಟ್ಟುಕೊಂಡವರಿಗೆ ಈ ವಿಚಾರ ಹೊಸದಲ್ಲ. ಪೆಟ್ಟಿಗೆ ಮಾತಾಡದಿದ್ದರೆ ಬಲ್ಲವರು ಕೂಡಲೇ ಅದನ್ನು ಬಿಚ್ಚುವುದಿಲ್ಲ. ನಿಲಯದ ಪ್ರಸಾರವೇ ನಿಂತಿದೆಯೋ, ಅಲೆ ಸರಿಯಾಗಿ ತಲುಪುತ್ತಿಲ್ಲವೋ, ಅಥವಾ ಪೆಟ್ಟಿಗೆಯಲ್ಲೇ ದೋಷವೋ ಎಂದು ವಿಚಾರಿಸುತ್ತಾರೆ. ಮೊಬೈಲಿಗೂ ಇದೇ ಮೂರು ಪ್ರಶ್ನೆ. ಸೇವೆ ಕೊಡುವ ಸಂಸ್ಥೆಯ ಕಡೆಯಲ್ಲಿ ದೋಷವೇ? ನಡುವಿನ ಸಂಪರ್ಕದಲ್ಲಿ ದೋಷವೇ? ಅಥವಾ ನಮ್ಮ ಕೈಯಲ್ಲಿರುವ ಫೋನಿನಲ್ಲಿಯೇ?

ಇದನ್ನು ತಿಳಿಯುವುದು ಕಷ್ಟವಲ್ಲ. ಒಂದು ಆ್ಯಪ್ ತೆರೆಯದಿದ್ದರೆ ಇನ್ನೊಂದನ್ನು ತೆರೆದು ನೋಡಿ. ಯಾವುದೂ ನಡೆಯದಿದ್ದರೆ ಸಂಪರ್ಕದ ದೋಷವೆಂದು ಶಂಕಿಸಬಹುದು. ಒಂದು ಮಾತ್ರ ನಿಂತು ಉಳಿದವೆಲ್ಲ ನಡೆಯುತ್ತಿದ್ದರೆ, ಪಕ್ಕದ ಮನೆಯವರನ್ನೋ ಬೇರೆ ಊರಿನ ನೆಂಟರನ್ನೋ ಒಂದು ಮಾತು ಕೇಳಿ. ಅವರಿಗೂ ನಡೆಯುತ್ತಿಲ್ಲವೆಂದರೆ ದೋಷ ನಿಮ್ಮದಲ್ಲ. ಸುಮ್ಮನೆ ಕಾಯುವುದೇ ಮದ್ದು. ೨೦೨೧ರ ಅಕ್ಟೋಬರ್ ೪ರಂದು, ನಮ್ಮಲ್ಲಿ ರಾತ್ರಿ ೯ ಗಂಟೆ ದಾಟಿದ ಮೇಲೆ, ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಜಗತ್ತಿನಾದ್ಯಂತ ಸುಮಾರು ೬ ಗಂಟೆಗಳ ಕಾಲ ನಿಂತುಹೋದವು. ಆ ಸಂಸ್ಥೆಯ ಒಳಜಾಲದಲ್ಲಿ ದುರಸ್ತಿ ನಡೆಯುತ್ತಿದ್ದಾಗ ಆದ ತಪ್ಪು ಅದಕ್ಕೆ ಕಾರಣ. ಅಂಥ ರಾತ್ರಿ ಆ್ಯಪನ್ನು ಕಿತ್ತುಹಾಕಿ ಮತ್ತೆ ಹಾಕಿಕೊಂಡವರಿಗೆ ಶ್ರಮವೇ ಫಲ.

ಈಗ ಸಂಪರ್ಕದ ವಿಚಾರ. ಮೊದಲು ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಮೊಬೈಲ್ ಡೇಟಾ ಚಾಲೂ ಇದೆಯೇ, ಏರೋಪ್ಲೇನ್ ಮೋಡ್ ಅಕಸ್ಮಾತ್ತಾಗಿ ಒತ್ತಿಹೋಗಿದೆಯೇ ಎಂದು ನೋಡಿ. ಮಕ್ಕಳು ಆಡಿಬಿಟ್ಟ ಫೋನಿನಲ್ಲಿ ಇದು ಸಾಮಾನ್ಯ. ಎರಡೂ ಸರಿಯಾಗಿದ್ದರೆ, ಏರೋಪ್ಲೇನ್ ಮೋಡನ್ನು ಬೇಕೆಂದೇ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಇದರಿಂದ ಫೋನು ಗೋಪುರದೊಂದಿಗಿನ ಹಳೆಯ ನಂಟನ್ನು ಕಡಿದು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ. ಅನೇಕ ವೇಳೆ ಇಷ್ಟರಿಂದಲೇ ಕೆಲಸವಾಗುತ್ತದೆ. ಆಗದಿದ್ದರೆ ಫೋನನ್ನೇ ಒಮ್ಮೆ ಆರಿಸಿ ಹೊತ್ತಿಸಿ. ಇವೆರಡರಿಂದ ಒಂದು ಅಕ್ಷರವೂ ಅಳಿಯುವುದಿಲ್ಲವಾದ್ದರಿಂದ ಧೈರ್ಯವಾಗಿ ಮಾಡಬಹುದು.

ನೆಟ್ ಇದೆ, ಆದರೆ ಆಮೆಯ ನಡಿಗೆ ಎನ್ನುವವರು ದಿನದ ಪಾಲು ಮುಗಿದಿದೆಯೇ ಎಂದು ನೋಡಬೇಕು. ದಿನಕ್ಕೆ ಇಷ್ಟು ಜಿಬಿ ಎಂಬ ಕರಾರಿನ ಹಲವು ಯೋಜನೆಗಳಲ್ಲಿ, ಆ ಪಾಲು ತೀರಿದ ಮೇಲೆ ವೇಗವನ್ನು ಸೆಕೆಂಡಿಗೆ ೬೪ ಕಿಲೋಬಿಟ್ಟಿಗೆ ಇಳಿಸುತ್ತಾರೆ. ಈ ವೇಗದಲ್ಲಿ ೪ ಮೆಗಾಬೈಟಿನ ಒಂದು ಭಾವಚಿತ್ರ ಬರುವುದಕ್ಕೆ ೮ ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ಅದು ಯಂತ್ರದ ದೋಷವಲ್ಲ, ಲೆಕ್ಕದ ಮುಕ್ತಾಯ. ಇನ್ನೊಂದು ವಿಚಿತ್ರ: ಮನೆಯ ವೈ-ಫೈ ಗುರುತು ಪರದೆಯಲ್ಲಿ ಕಾಣುತ್ತಿರುತ್ತದೆ, ಆದರೆ ಅದರ ಹಿಂದಿನ ತಂತಿಯಲ್ಲಿ ಇಂಟರ್‌ನೆಟ್ ಸತ್ತಿರುತ್ತದೆ. ನಲ್ಲಿ ಇದ್ದ ಮಾತ್ರಕ್ಕೆ ನೀರು ಬರಬೇಕೆಂದಿಲ್ಲವಲ್ಲ! ವೈ-ಫೈ ಆರಿಸಿ ಮೊಬೈಲ್ ಡೇಟಾದಿಂದ ಪರೀಕ್ಷಿಸಿದರೆ ಗುಟ್ಟು ಬಯಲಾಗುತ್ತದೆ.

ಬಹು ಮಂದಿ ಗಮನಿಸದ ಕಾರಣವೊಂದುಂಟು. ಅದು ಫೋನಿನ ಗಡಿಯಾರ. ಸುರಕ್ಷಿತವಾದ ಪ್ರತಿಯೊಂದು ಸಂಪರ್ಕಕ್ಕೂ ಒಂದು ಪ್ರಮಾಣಪತ್ರವಿರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಂಟು. ನಿಮ್ಮ ಫೋನಿನ ತಾರೀಕು ತಪ್ಪಿದ್ದರೆ ಆ ಪತ್ರ ಅವಧಿ ಮೀರಿದಂತೆ ಕಂಡು ಫೋನು ಬಾಗಿಲು ತೆರೆಯುವುದೇ ಇಲ್ಲ. ಸೆಟ್ಟಿಂಗ್ಸಿನಲ್ಲಿ ದಿನಾಂಕ ಮತ್ತು ವೇಳೆಯನ್ನು ತಾನಾಗಿಯೇ ಸರಿಮಾಡಿಕೊಳ್ಳುವಂತೆ ಬಿಡುವುದು ಕ್ಷೇಮ. ಓಟಿಪಿ ಬಾರದಿದ್ದರೆ ಡೇಟಾವನ್ನು ಬೈಯಬೇಡಿ. ಎಸ್ಸೆಮ್ಮೆಸ್ಸಾಗಿ ಬರುವ ಓಟಿಪಿಗೆ ಡೇಟಾ ಬೇಕಿಲ್ಲ. ಬೇಕಾದದ್ದು ಗೋಪುರದ ಸಂಕೇತ ಮಾತ್ರ.

ಸಂಪರ್ಕವೆಲ್ಲ ಸರಿ, ಒಂದು ಆ್ಯಪ್ ಮಾತ್ರ ಹಟ ಹಿಡಿದಿದೆಯೆಂದುಕೊಳ್ಳೋಣ. ಮೊದಲು ಅದನ್ನು ಪೂರ್ತಿ ಮುಚ್ಚಿ ತೆರೆಯಿರಿ. ಆಮೇಲೆ ಪ್ಲೇ ಸ್ಟೋರಿಗೆ ಹೋಗಿ ಅದಕ್ಕೆ ಹೊಸ ಅಪ್‌ಡೇಟ್ ಬಂದಿದೆಯೇ ನೋಡಿ. ಅದೂ ಆಗದಿದ್ದರೆ, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿನ ಹೆಸರನ್ನೊತ್ತಿ, ಸ್ಟೋರೇಜ್ ಎಂಬಲ್ಲಿಗೆ ಹೋದರೆ ಎರಡು ಗುಂಡಿಗಳು ಕಾಣುತ್ತವೆ: ಕ್ಲಿಯರ್ ಕ್ಯಾಶ್, ಕ್ಲಿಯರ್ ಡೇಟಾ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇವು ಅಕ್ಕಪಕ್ಕದಲ್ಲಿ ಇರುವುದರಿಂದ ಅಣ್ಣತಮ್ಮಂದಿರಂತೆ ಕಂಡರೂ ಸ್ವಭಾವದಲ್ಲಿ ಅಜಗಜಾಂತರ.

ಈ ಕ್ಯಾಶ್ ಎಂಬುದು ಹಣವಲ್ಲ. ಪದೇ ಪದೇ ಬೇಕಾಗುವ ಚಿತ್ರ, ಚೂರುಪಾರುಗಳನ್ನು ಆ್ಯಪ್ ತನ್ನ ಅನುಕೂಲಕ್ಕಾಗಿ ಕೂಡಿಟ್ಟುಕೊಂಡ ರಾಶಿ. ಅದನ್ನು ಗುಡಿಸಿದರೆ ನಷ್ಟವಿಲ್ಲ. ಬೇಕಾದಾಗ ಮತ್ತೆ ತರಿಸಿಕೊಳ್ಳುತ್ತದೆ. ಕ್ಲಿಯರ್ ಡೇಟಾ ಹಾಗಲ್ಲ. ಅದು ಆ್ಯಪನ್ನು ಅಂಗಡಿಯಿಂದ ಆಗತಾನೇ ತಂದ ಸ್ಥಿತಿಗೆ ಒಯ್ಯುತ್ತದೆ. ನಿಮ್ಮ ಪ್ರವೇಶ, ನಿಮ್ಮ ಆಯ್ಕೆಗಳು, ಆ ಆ್ಯಪಿನೊಳಗೇ ಇಟ್ಟಿದ್ದ ಬರಹಗಳು ಎಲ್ಲವೂ ಹೋದಂತೆ. ವಾಟ್ಸಾಪಿಗೆ ಹೀಗೆ ಮಾಡಿ, ಬ್ಯಾಕಪ್ ಇಲ್ಲದೆ ಹೋದರೆ, ಹಳೆಯ ಮಾತುಕತೆ ಮರಳುವುದು ಕಷ್ಟ. ಆದ್ದರಿಂದ ಮೊದಲನೆಯ ಗುಂಡಿಯನ್ನು ಯಾವಾಗ ಬೇಕಾದರೂ ಒತ್ತಿ. ಎರಡನೆಯದನ್ನು ಬ್ಯಾಕಪ್ ಆದ ಮೇಲೆ ಮಾತ್ರ.

ಕೆಲವೊಮ್ಮೆ ದೋಷ ಆ ಆ್ಯಪಿನದೂ ಆಗಿರುವುದಿಲ್ಲ. ೨೦೨೧ರ ಮಾರ್ಚಿಯಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಅನೇಕ ಆ್ಯಪ್‌ಗಳು ತೆರೆದೊಡನೆ ಮುಚ್ಚಿಕೊಳ್ಳತೊಡಗಿದವು. ವೆಬ್‌ವ್ಯೂ ಎಂಬ, ಅವೆಲ್ಲವೂ ಒಳಗೊಳಗೆ ಬಳಸುವ ಒಂದು ಭಾಗ ಕೆಟ್ಟಿತ್ತು. ಗೂಗಲ್ ಸಂಸ್ಥೆ ಅದನ್ನೂ ಕ್ರೋಮನ್ನೂ ಸರಿಪಡಿಸಿ ಹೊಸ ಅಪ್‌ಡೇಟ್ ಕಳುಹಿಸಿತು, ತೊಂದರೆ ತೀರಿತು. ಹಲವು ಆ್ಯಪ್‌ಗಳು ಒಮ್ಮೆಗೇ ಕೆಟ್ಟರೆ ಒಂದೊಂದನ್ನೂ ಕಿತ್ತೆಸೆಯುವ ಬದಲು ಎಲ್ಲ ಅಪ್‌ಡೇಟ್‌ಗಳನ್ನು ಹಾಕಿಕೊಂಡು ಒಂದು ದಿನ ಕಾಯುವುದು ಜಾಣತನ.

ಮೂರನೆಯದು ಜಾಗದ ಸಮಸ್ಯೆ. ಫೋನಿನ ಡಬ್ಬಿಯ ಮೇಲೆ ೪ ಜಿಬಿ, ೬೪ ಜಿಬಿ ಎಂದು ಎರಡು ಅಂಕೆಗಳು ಇರುವುದನ್ನು ನೀವು ನೋಡಿರಬಹುದು. ಮೊದಲನೆಯದು ಕೆಲಸ ಮಾಡುವ ಮೇಜು. ಎರಡನೆಯದು ಸಾಮಾನು ಇಡುವ ಬೀರು. ತೆರೆದಿರುವ ಆ್ಯಪ್‌ಗಳನ್ನೆಲ್ಲ ಮುಚ್ಚಿದರೆ ಮೇಜು ಖಾಲಿಯಾದೀತೇ ಹೊರತು ಬೀರುವಿನಲ್ಲಿ ಒಂದಂಗುಲವೂ ಬಿಡುವಾಗದು. ಬೀರು ತುಂಬಿದರೆ ಬರೀ ಭಾವಚಿತ್ರ ತೆಗೆಯಲಾಗದೆಂದಲ್ಲ; ಅಪ್‌ಡೇಟ್ ಬಂದು ಕೂರುವುದಿಲ್ಲ, ಸಂದೇಶದ ಚಿತ್ರಗಳು ಇಳಿಯುವುದಿಲ್ಲ, ಆ್ಯಪ್‌ಗಳು ತಮ್ಮ ಲೆಕ್ಕಪತ್ರ ಬರೆದುಕೊಳ್ಳಲು ಎಡೆಯಿಲ್ಲದೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನೆಟ್ಟಿನ ದೋಷ, ಆ್ಯಪಿನ ದೋಷ ಎಂದು ತೋರುವ ಎಷ್ಟೋ ರೋಗಗಳ ಮೂಲ ಇಲ್ಲಿರುತ್ತದೆ.

ಏನನ್ನು ತೆಗೆಯಬೇಕು? ಭಾವಚಿತ್ರಕ್ಕೆ ಕೈ ಹಾಕುವ ಮುನ್ನ ವಿಡಿಯೋಗಳನ್ನು ನೋಡಿ. ಒಂದು ನಿಮಿಷದ ವಿಡಿಯೋ ನೂರು ಮೆಗಾಬೈಟಿನಷ್ಟು ಆಗಬಹುದು. ಅಷ್ಟರಲ್ಲಿ ಇಪ್ಪತ್ತೈದು ಭಾವಚಿತ್ರಗಳು ಹಿಡಿಸುತ್ತವೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಯಾವ ಗುಂಪಿನಿಂದ ಎಷ್ಟು ಸಾಮಾನು ಬಂದು ಬಿದ್ದಿದೆಯೆಂದು ದೊಡ್ಡದರಿಂದ ಚಿಕ್ಕದರವರೆಗೆ ಪಟ್ಟಿ ತೋರಿಸುವ ಜಾಗವಿದೆ. ಪ್ರತಿ ಬೆಳಗಿನ ಶುಭೋದಯದ ಹೂವುಗಳು, ಒಂದೇ ಹಾಸ್ಯದ ಹತ್ತು ಪ್ರತಿಗಳು ಅಲ್ಲಿ ಸಿಗುತ್ತವೆ. ಅವನ್ನು ಸಂಕೋಚವಿಲ್ಲದೆ ತೆಗೆಯಬಹುದು. ಬಂದ ಚಿತ್ರಗಳೆಲ್ಲ ತಾವಾಗಿಯೇ ಇಳಿಯದಂತೆ ಮಾಡಿಕೊಂಡರೆ ಡೇಟಾ, ಜಾಗ ಎರಡೂ ಉಳಿತಾಯ. ಐಫೋನಿನವರಿಗೆ ಆಫ್‌ಲೋಡ್ ಎಂಬ ಸೌಕರ್ಯವಿದೆ: ಆ್ಯಪ್ ಹೋಗುತ್ತದೆ, ಅದರ ದಾಖಲೆಗಳು ಉಳಿಯುತ್ತವೆ.

ಗೂಗಲ್ ಫೋಟೋಸ್ ಬಳಸುವವರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಚಿತ್ರಗಳು ಗೂಗಲ್ ಖಾತೆಗೆ ಹೋಗಿ ಸೇರಿವೆಯಲ್ಲಾ ಎಂದು ಆ ಆ್ಯಪಿನೊಳಗೆ ಡಿಲೀಟ್ ಒತ್ತಿದರೆ, ಫೋನಿನದೂ ಹೋಗುತ್ತದೆ, ಖಾತೆಯದೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಬಿಡಿಸುವುದಕ್ಕೆ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯ ಗುಂಡಿಯಿದೆ. ಅಗಲಿದ ಹಿರಿಯರ ಕೊನೆಯ ಚಿತ್ರ, ಮಗುವಿನ ಮೊದಲ ಹೆಜ್ಜೆ ಇಂಥ ಗೊಂದಲದಲ್ಲಿ ಹೋಗಿಬಿಟ್ಟರೆ ಯಾವ ಅಂಗಡಿಯಲ್ಲೂ ಕೊಳ್ಳುವಂತಿಲ್ಲ. ಅಳಿಸಿಹೋದರೆ ತಡಮಾಡದೆ ಅದೇ ಆ್ಯಪಿನ ಕಸದ ಬುಟ್ಟಿಯನ್ನು ನೋಡಿ. ಬ್ಯಾಕಪ್ ಆದ ಚಿತ್ರಗಳು ಅಲ್ಲಿ ೬೦ ದಿನ, ಆಗದವು ೩೦ ದಿನ ಇರುತ್ತವೆ. ಖಾತೆಯ ಉಚಿತ ಜಾಗವೂ ಅಕ್ಷಯಪಾತ್ರೆಯಲ್ಲ: ೧೫ ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ. ಅದು ತುಂಬಿದರೆ ಬ್ಯಾಕಪ್ ಸದ್ದಿಲ್ಲದೆ ನಿಂತಿರಬಹುದು. ತಿಂಗಳಿಗೊಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇವಾವುದರಿಂದಲೂ ಗುಣವಾಗದಿದ್ದರೆ ಫ್ಯಾಕ್ಟರಿ ರೀಸೆಟ್ ಎಂಬ ಬ್ರಹ್ಮಾಸ್ತ್ರವಿದೆ. ಅದು ಫೋನಿನೊಳಗಿನದೆಲ್ಲವನ್ನೂ ಅಳಿಸುತ್ತದೆ. ಮಾಡುವ ಮುನ್ನ ಚಿತ್ರಗಳನ್ನು ಕಂಪ್ಯೂಟರಿಗೋ ಖಾತೆಗೋ ದಾಟಿಸಿರಬೇಕು. ನಿಮ್ಮ ಖಾತೆಯ ಗುಪ್ತಪದ ಒಂದು ಪುಸ್ತಕದಲ್ಲಿ ಬರೆದು ಜೋಪಾನವಾಗಿ ಇಟ್ಟಿರಬೇಕು. ಬೀಗದ ಕೈ ಕಳೆದುಕೊಂಡು ತಿಜೋರಿಯಲ್ಲಿ ಒಡವೆಯಿಟ್ಟರೆ ಬಂದ ಭಾಗ್ಯವೇನು?

ಇನ್ನು ಹಣದ ಮಾತು. ಯುಪಿಐ ಮೂಲಕ ದುಡ್ಡು ಕಳಿಸುವಾಗ ಸಂಪರ್ಕ ಕಡಿದು, ನಿಮ್ಮ ಖಾತೆಯಲ್ಲಿ ಕಳೆದು, ಎದುರಿನವರಿಗೆ ಸೇರದೆ ಹೋಗುವುದುಂಟು. ಆಗ ಗಾಬರಿಯಿಂದ ಮತ್ತೆ ಕಳಿಸಬೇಡಿ. ೨೦೧೯ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮದಂತೆ, ಒಬ್ಬರಿಂದೊಬ್ಬರಿಗೆ ಕಳಿಸಿದ ಇಂಥ ಹಣ ಮಾರನೆಯ ದಿನದೊಳಗೆ, ಅಂಗಡಿಗೆ ಕೊಟ್ಟದ್ದು ೫ ದಿನದೊಳಗೆ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ ೧೦೦ ರೂಪಾಯಿ ಪರಿಹಾರ.

ಆದರೆ ಈ ಗಾಬರಿಯ ಗಳಿಗೆಯನ್ನೇ ಕಾಯುತ್ತಿರುವ ಕಳ್ಳರಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಬ್ಯಾಂಕಿನ ಹೆಸರಿನಲ್ಲಿ ತಮ್ಮ ಸಂಖ್ಯೆಯನ್ನು ಹಾಕಿರುತ್ತಾರೆ. ನೀವು ಕರೆದರೆ, “ಅಮ್ಮಾ, ಒಂದು ಸಣ್ಣ ಆ್ಯಪ್ ಹಾಕಿಕೊಳ್ಳಿ, ನಾವು ಇಲ್ಲಿಂದಲೇ ಸರಿಮಾಡ್ತೀವಿ” ಎಂದು ಬಹು ವಿನಯದಿಂದ ಹೇಳುತ್ತಾರೆ. ಆ ಆ್ಯಪ್ ಹಾಕಿದೊಡನೆ ನಿಮ್ಮ ಪರದೆ ಅವರ ಕಣ್ಣೆದುರಿಗೆ ಬರುತ್ತದೆ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ. ಅದು ಬೇಕಾಗುವುದು ಕೊಡುವುದಕ್ಕೆ. ಬ್ಯಾಂಕಿನ ಸಂಖ್ಯೆ ಬೇಕಾದರೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ನೋಡಿ. ಮೋಸವಾದ ಪಕ್ಷದಲ್ಲಿ ಸಂಕೋಚಪಟ್ಟು ಸುಮ್ಮನಿರದೆ ಕೂಡಲೇ ೧೯೩೦ಕ್ಕೆ ಕರೆಮಾಡಿ. ಅದು ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಬೇಕಾದರೆ ಗಂಟೆಗಳಲ್ಲ, ನಿಮಿಷಗಳು ಮುಖ್ಯ.

ಮನೆಯಲ್ಲಿರುವ ಕಿರಿಯರಿಗೂ ಒಂದು ವಿಜ್ಞಾಪನೆ. “ಪುಟ್ಟಾ, ಇದೇನಾಯಿತು ನೋಡೋ” ಎಂದು ಅಜ್ಜಿ ಫೋನು ಚಾಚಿದಾಗ, ಕಸಿದುಕೊಂಡು ಚಕಚಕನೆ ಒತ್ತಿ ಹಿಂದಿರುಗಿಸಬೇಡಿ. ಏನು ಮಾಡುತ್ತಿದ್ದೀರೆಂದು ಹೇಳುತ್ತಾ, ಅವರ ಕೈಯಿಂದಲೇ ಮಾಡಿಸಿ. ಇಂದು ಹೇಳಿದ ಕ್ರಮವನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ: ಇನ್ನೊಬ್ಬರಿಗೆ ನಡೆಯುತ್ತಿದೆಯೇ ಕೇಳುವುದು, ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು, ಆರಿಸಿ ಹೊತ್ತಿಸುವುದು, ಅಪ್‌ಡೇಟ್, ಕ್ಯಾಶ್, ಜಾಗ ನೋಡುವುದು. ಇದರ ಕೆಳಗೆ ಗೆರೆಯೆಳೆದು, ‘ಇಲ್ಲಿಂದ ಮುಂದೆ ಬ್ಯಾಕಪ್ ಇಲ್ಲದೆ ಹೋಗಬೇಡಿ’ ಎಂದು ಬರೆಯಿರಿ. ಕಡೆಯಲ್ಲಿ ೧೯೩೦ ಇರಲಿ. ಚೀಟಿಯನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ. ಫೋನಿನೊಳಗೇ ಬರೆದಿಟ್ಟರೆ, ಫೋನು ಮೊಂಡು ಹಿಡಿದ ದಿನ ಅದು ಓದಲು ಸಿಗುವುದಿಲ್ಲ.