ಮುಖದಲ್ಲಿ ಕಾಣದ್ದು, ನಡತೆಯಲ್ಲಿ ಕಾಣುವುದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವವಳು. ಪರೀಕ್ಷೆಯ ಭಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದರು. ನಾನೇ ವಿಷಯ ಬದಲಿಸಿದೆ. ಅದಕ್ಕೆ ಕಾರಣ ಇದೇ ಶಾಲೆಯ ಒಬ್ಬ ಹುಡುಗಿ. ಹೋದ ಸಲ ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಮಾತಾಡುವಾಗ ಆಕೆ ಎದ್ದು ನಿಂತು, "ಅಕ್ಕಾ, ಸೈಕೋ ಅಂದ್ರ ಹೆಂಗಿರ್ತಾನ್ರಿ? ನೋಡಿದ ಕೂಡಲೇ ಗೊತ್ತಾಗತೈತೇನ್ರಿ?" ಎಂದು ಕೇಳಿದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಪ್ರಶ್ನೆಯನ್ನು ನಮ್ಮ ಮನೆಯವರು ಇಪ್ಪತ್ತು ವರ್ಷದ ಹಿಂದೆ ಕೇಳಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಶಬ್ದದ ವಿಚಾರ. ತಲೆ ಕೆದರಿಕೊಂಡು ಬೀದಿಯಲ್ಲಿ ಒಬ್ಬನೇ ಮಾತಾಡುತ್ತಾ ಹೋಗುವವನನ್ನು ನಾವು ಸೈಕೋ ಎನ್ನುತ್ತೇವೆ. ಇದು ತಪ್ಪು. ಆತನಿಗೆ ಇಲ್ಲದ ಧ್ವನಿ ಕೇಳಿಸುತ್ತಿರಬಹುದು, ಇಲ್ಲದ ಭಯ ಕಾಡುತ್ತಿರಬಹುದು. ಅದು ಕಾಯಿಲೆ, ಅದಕ್ಕೆ ಔಷಧವಿದೆ. ಅಂಥವರು ಇನ್ನೊಬ್ಬರಿಗೆ ಮೋಸ ಮಾಡುವುದಕ್ಕಿಂತ ಇನ್ನೊಬ್ಬರಿಂದ ಮೋಸ ಹೋಗುವುದೇ ಹೆಚ್ಚು. ಸೈಕೋಪತಿ ಎನ್ನುವುದು ಬೇರೆಯೇ. ಅಲ್ಲಿ ಬುದ್ಧಿ ಕೆಟ್ಟಿರುವುದಿಲ್ಲ, ಲೆಕ್ಕ ತಪ್ಪಿರುವುದಿಲ್ಲ. ಕೊರತೆ ಇರುವುದು ಕರುಳಿನಲ್ಲಿ. ಇನ್ನೊಬ್ಬರ ನೋವು ಆತನಿಗೆ ಅರ್ಥವಾಗುತ್ತದೆ, ಆದರೆ ತಟ್ಟುವುದಿಲ್ಲ. ಹಸಿವಾದವನ ಹೊಟ್ಟೆ ಚುರುಗುಟ್ಟುತ್ತದೆ ಎಂದು ಆತ ಬಲ್ಲ. ಆದರೆ ಅದನ್ನು ಕಂಡು ತನ್ನ ಕೈಯ ರೊಟ್ಟಿ ಮುರಿದು ಕೊಡಬೇಕು ಎನ್ನುವ ತಳಮಳ ಏಳುವುದಿಲ್ಲ.

ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಇಂಥವರ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ಅದರ ಹೆಸರಿನ ಅರ್ಥ 'ಸ್ವಸ್ಥತೆಯ ಮುಖವಾಡ'. ಆ ಹೆಸರಿನಲ್ಲೇ ಎಲ್ಲ ಇದೆ. ಹೊರಗಿನಿಂದ ನೋಡಿದರೆ ನಮಗಿಂತ ಹೆಚ್ಚು ಸ್ವಸ್ಥ, ಹೆಚ್ಚು ವಿನಯವಂತ, ಮಾತು ಬಲ್ಲವ. ಮುಂದೆ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಜೈಲುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 20 ಲಕ್ಷಣಗಳ ಒಂದು ಪಟ್ಟಿ ಸಿದ್ಧಪಡಿಸಿದ. ಜೇನಿನಂಥ ಮಾತು, ತಾನೇ ದೊಡ್ಡವನೆಂಬ ಭಾವ, ಲೀಲಾಜಾಲವಾಗಿ ಸುಳ್ಳು ಹೇಳುವುದು, ಪಶ್ಚಾತ್ತಾಪ ಇಲ್ಲದಿರುವುದು, ಇನ್ನೊಬ್ಬರ ದುಡಿಮೆಯ ಮೇಲೆ ಬದುಕುವುದು, ಯಾವ ತಪ್ಪನ್ನೂ ತನ್ನದೆಂದು ಒಪ್ಪದಿರುವುದು, ಹೀಗೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಒಟ್ಟು 40. ಅಮೆರಿಕ, ಕೆನಡಾಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಆ ಹೆಸರು ಕೊಡುವ ರೂಢಿ. ಅದೂ ತರಬೇತಿ ಪಡೆದವರು ಗಂಟೆಗಟ್ಟಲೆ ಮಾತಾಡಿಸಿ, ಹಳೆಯ ದಾಖಲೆಗಳನ್ನೆಲ್ಲ ಓದಿದ ಮೇಲೆ. ಆದ್ದರಿಂದ ಈ ಪಟ್ಟಿ ಹಿಡಿದು ನಾಳೆಯೇ ನಿಮ್ಮ ಮೈದುನನಿಗೋ, ಪಕ್ಕದ ಮನೆಯವನಿಗೋ ಅಂಕ ಹಾಕಲು ಕೂಡಬೇಡಿ.

ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಇಂಥವರಿರಬಹುದು ಎಂದು ತಜ್ಞರು ಅಂದಾಜು ಮಾಡುತ್ತಾರೆ. ಅವರಲ್ಲಿ ಬಹುಪಾಲು ಕೊಲೆಗಾರರಲ್ಲ. ಒಬ್ಬ ಚೀಟಿ ಹಣ ಎತ್ತಿಕೊಂಡು ಹೋಗುತ್ತಾನೆ, ಒಬ್ಬಾಕೆ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಾಳೆ, ಒಬ್ಬ ಗುಳೆ ಹೊರಟವರಿಗೆ ಮುಂಗಡ ಕೊಡಿಸುತ್ತೇನೆಂದು ನಂಬಿಸಿ ಅವರ ವರ್ಷದ ದುಡಿಮೆ ನುಂಗುತ್ತಾನೆ. ಹೀಗೆ ಮಾಡಿದವರೆಲ್ಲ ಸೈಕೋಪತಿಗಳೂ ಅಲ್ಲ. ಬಡತನ, ಕುಡಿತ, ದುರಾಸೆಯೂ ಮನುಷ್ಯನನ್ನು ಕೆಡಿಸುತ್ತವೆ. ಆದರೆ ಅಂಥವನಿಗೆ ರಾತ್ರಿ ಎಂದಾದರೂ ನಿದ್ದೆ ಕೆಡುತ್ತದೆ. ಇವನಿಗೆ ಕೆಡುವುದಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ನೋಡಿದ ಕೂಡಲೇ ಗೊತ್ತಾಗುತ್ತದೆಯೆ? ಇಲ್ಲ. ಇದಕ್ಕೆ ದೂರ ಹೋಗಬೇಕಿಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಾವೆಲ್ಲ ನೋಡಿದ್ದೇವೆ. ಆ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬರುವ ಮೊದಲೇ, 1839ರಲ್ಲಿ, ಠಗ್ಗನೊಬ್ಬ ತನ್ನ ಕಥೆ ತಾನೇ ಹೇಳಿಕೊಳ್ಳುವಂತೆ ಒಂದು ಕಾದಂಬರಿ ಬರೆದಿದ್ದ. ಅದರ ನಾಯಕ ಅಮೀರ್ ಅಲಿ 719 ಜನರನ್ನು ಕೊಂದೆನೆಂದು ಲೆಕ್ಕ ಒಪ್ಪಿಸುತ್ತಾನೆ. ಠಗ್ಗರ ಬಗ್ಗೆ ಬ್ರಿಟಿಷರು ಬರೆದದ್ದನ್ನೆಲ್ಲ ಹಾಗೆಯೇ ನಂಬಬೇಕಿಲ್ಲ, ಇತಿಹಾಸಕಾರರು ಅದರ ಮೇಲೆ ಅನೇಕ ಪ್ರಶ್ನೆ ಎತ್ತಿದ್ದಾರೆ. ಆದರೆ ಆ ಕಾದಂಬರಿಯ ಒಂದು ಮಾತು ಮಾತ್ರ ನಮಗೆ ಬೇಕು. ಅದರಲ್ಲಿನ ಠಗ್ಗ ವಿಕಾರ ಮುಖದವನಲ್ಲ. ಚೆಲುವ, ಸಭ್ಯ. ದಾರಿಹೋಕರ ಜೊತೆ ಉಂಡು, ಹರಟೆ ಹೊಡೆದು, ಅವರ ನಂಬಿಕೆ ಗಳಿಸಿದ ಮೇಲೆಯೇ ಕೊರಳಿಗೆ ಬಟ್ಟೆ ಬೀಳುವುದು.

ಅದು ಕಾದಂಬರಿಯಾಯಿತು. ನಮ್ಮ ಕಾಲದ ನಿಜ ಸಂಗತಿ ದಕ್ಷಿಣ ಕನ್ನಡದ್ದು. ಪತ್ರಿಕೆಗಳು 'ಸಯನೈಡ್ ಮೋಹನ್' ಎಂದು ಕರೆದ ಮೋಹನ್ ಕುಮಾರ್ ಒಂದು ಕಾಲಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವ. ಬಡ ಮನೆಯ, ಮದುವೆಯ ವಯಸ್ಸು ಮೀರುತ್ತಿದೆ ಎಂದು ಜನ ಆಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳನ್ನು ಆತ ಆರಿಸಿಕೊಳ್ಳುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಮನೆಯಲ್ಲಿ ಹೇಳದೆ ಒಡವೆ ಹಾಕಿಕೊಂಡು ಬಾ ಎಂದು ಬೇರೆ ಊರಿನ ಲಾಡ್ಜಿಗೆ ಕರೆದುಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಹೇಳಿ ಸಯನೈಡ್ ಬೆರೆತ ಗುಳಿಗೆ ಕೊಟ್ಟು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. 2003ರಿಂದ 2009ರ ನಡುವೆ ಹೀಗೆ ಸತ್ತವರು 20 ಹೆಣ್ಣುಮಕ್ಕಳು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ವಿಧಿಸಿತು, ಅದು ಮುಂದೆ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿಯಿತು. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಗಂಡಸರು ಮಾತ್ರ ಹೀಗೆ ಎಂದುಕೊಳ್ಳಬೇಡಿ. 2007ರಲ್ಲಿ ಸಿಕ್ಕಿಬಿದ್ದ ಕೆಂಪಮ್ಮ ದೇವಸ್ಥಾನಗಳಲ್ಲಿ ದುಃಖದಲ್ಲಿದ್ದ ಹೆಂಗಸರ ಗೆಳೆತನ ಮಾಡಿ, ಪೂಜೆಯ ನೆಪದಲ್ಲಿ ಒಡವೆ ಹಾಕಿಸಿಕೊಂಡು ಕರೆದೊಯ್ದು, ವಿಷ ಕೊಟ್ಟವಳು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಕೇಳುತ್ತೇನೆ. ಆರು ವರ್ಷ, ಇಪ್ಪತ್ತು ಜೀವ. ಮೋಹನ್ ಇಷ್ಟು ದಿನ ಹೇಗೆ ದಕ್ಕಿಸಿಕೊಂಡ? ಆತನ ಜಾಣತನದಿಂದ ಮಾತ್ರವೆ? ಹೆಣಗಳು ಬೇರೆ ಬೇರೆ ಊರುಗಳ ಬಸ್ ನಿಲ್ದಾಣಗಳಲ್ಲಿ ಸಿಕ್ಕವು. ಠಾಣೆಗಳು ಅವನ್ನು ಗುರುತು ಸಿಗದ ಹೆಣ, ಅಸಹಜ ಸಾವು ಎಂದು ಬರೆದುಕೊಂಡವು. ಮಗಳು ಯಾರ ಜೊತೆಗೋ ಓಡಿಹೋದಳು ಎಂದು ತಿಳಿದ ಮನೆಗಳು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವು. ಕೊನೆಗೆ 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಯುವತಿ ಕಾಣೆಯಾದಾಗ ಮಾತ್ರ ಊರಿನವರು ಸುಮ್ಮನಾಗಲಿಲ್ಲ. ಹುಡುಕಿಕೊಡಿ ಎಂದು ಪಟ್ಟು ಹಿಡಿದರು. ಪೊಲೀಸರು ಆಕೆಯ ಫೋನಿನ ಕರೆಗಳ ಜಾಡು ಹಿಡಿದರೆ, ಅದು ಕಾಣೆಯಾದ ಇನ್ನೊಬ್ಬಳ ಫೋನಿಗೆ ಹೋಗಿ ಮುಟ್ಟಿತು. ಹೀಗೆ ಒಂದರ ಹಿಂದೆ ಒಂದು ಎಳೆ ಬಿಚ್ಚಿಕೊಂಡಿತು. ಆತನನ್ನು ಹಿಡಿದದ್ದು ಯಾರೋ ಮುಖ ನೋಡಿ ಗುರುತಿಸಿದ್ದರಿಂದಲ್ಲ. ಒಂದು ಊರು ಬಾಯಿ ಬಿಟ್ಟಿದ್ದರಿಂದ.

ಈಗ ನಮ್ಮ ಮನೆಯ ಮಾತು. ನಮ್ಮಕ್ಕ ಇವತ್ತು ಇದೇ ಸಭೆಯಲ್ಲಿ ಕುಳಿತಿದ್ದಾಳೆ. ಆಕೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳು, ನನ್ನ ಹೆಸರು ಕೆಡೋದು ಏನಿಲ್ಲ, ಕೆಡಬೇಕಾದದ್ದು ಅವನದು" ಎಂದಳು.

ವರ ಬೇರೆ ತಾಲ್ಲೂಕಿನವ. ಬಂದ ಮೊದಲ ದಿನವೇ ಮನೆಯ ಹಿರಿಯರ ಕಾಲಿಗೆ ಬಿದ್ದ. ಅಜ್ಜಿಯ ಮಂಡಿನೋವಿಗೆ ಎಣ್ಣೆ ತಂದುಕೊಟ್ಟ. ವರದಕ್ಷಿಣೆ ಬೇಡವೆಂದ. ಒಂದೇ ಮಾತೆಂದರೆ ಮದುವೆ ಹದಿನೈದು ದಿನದಲ್ಲಿ ಆಗಬೇಕು. ಓಣಿಯೆಲ್ಲ "ಇಂಥ ಅಳಿಯ ಪುಣ್ಯಕ್ಕ ಸಿಗತಾನ" ಎಂದಿತು. ತಿಂಗಳೊಳಗೆ ಅಕ್ಕನ ಬಂಗಾರ ಗುತ್ತಿಗೆ ಕೆಲಸದ ಠೇವಣಿ ಎಂದು ಹೋಯಿತು. ಕೇಳಿದರೆ ನಗುತ್ತಲೇ ಉತ್ತರ, ಪ್ರತಿ ಸಲವೂ ಬೇರೆ ಉತ್ತರ. ನಮ್ಮಪ್ಪ ತೀರಿಕೊಂಡ ದಿನ ನಮ್ಮೆಲ್ಲರಿಗಿಂತ ಜೋರಾಗಿ ಅತ್ತವನು ಆತ. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಹೊಲದ ಕಾಗದ ಎಲ್ಲಿವೆ ಎಂದು ಕೇಳಿದ. ಆ ಮುಖದಲ್ಲಿ ಅಳುವಿನ ಗುರುತೇ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸುಳ್ಳು ಸಿಕ್ಕಿಬಿದ್ದಾಗಲೆಲ್ಲ ಕಾಲು ಹಿಡಿದು ಅಳುತ್ತಿದ್ದ, ಮರುವಾರ ಅದನ್ನೇ ಮಾಡುತ್ತಿದ್ದ. ಮೂರು ವರ್ಷಕ್ಕೆ ಅಕ್ಕ ಉಟ್ಟ ಸೀರೆಯಲ್ಲಿ ಮನೆಗೆ ಬಂದಳು. ಆತನಿಗೆ ಸೈಕೋಪತ್ ಎಂಬ ಹೆಸರು ಕೊಡುವ ಹಕ್ಕು ನನಗಿಲ್ಲ, ಆತನನ್ನು ಯಾವ ವೈದ್ಯರೂ ಪರೀಕ್ಷಿಸಿಲ್ಲ. ನಡತೆಯನ್ನಷ್ಟೇ ಹೇಳುತ್ತಿದ್ದೇನೆ.

ಆಮೇಲೆ ತಿಳಿಯಿತು, ನಮಗಿಂತ ಮೊದಲೇ ಎರಡು ಮನೆಗಳು ಆತನ ಕೈಯಲ್ಲಿ ಹೀಗೆಯೇ ಹಾಳಾಗಿದ್ದವು. ಎರಡೂ ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ಅವರ ಮೇಲೆ ನಮಗೆ ಎಷ್ಟು ಸಿಟ್ಟು ಬಂತೆಂದರೆ ಹೇಳಲಾಗದು. ಆದರೆ ನಾವು ಮಾಡಿದ್ದೇನು? "ಮಗಳಿಗೆ ಆರಾಮಿಲ್ಲ, ಅದಕ್ಕ ಬಂದಾಳ" ಎಂದು ಬಂದವರಿಗೆಲ್ಲ ಹೇಳಿದೆವು. ಎರಡು ವರ್ಷದ ಮೇಲೆ ಗುರುತಿಲ್ಲದ ಒಬ್ಬ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಳು. ನೀರು ಕೊಟ್ಟರೆ ಕುಡಿಯಲಿಲ್ಲ. ಆಕೆಯ ಮಗಳು ನಾಲ್ಕನೆಯವಳು. "ನೀವು ಒಂದು ಮಾತು ಹೇಳಿದ್ದರ ಸಾಕಿತ್ತಲ್ಲವ್ವಾ" ಎಂದಳು, ಅಷ್ಟೇ. ಅದಕ್ಕೆ ನಮ್ಮವ್ವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಇವತ್ತಿಗೂ ಇಲ್ಲ. ಈ ಭಾಷಣವೇ ನಾನು ಆ ತಾಯಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಹಾಗಾದರೆ ಏನನ್ನು ಗಮನಿಸಬೇಕು? ವೈದ್ಯರ ಪಟ್ಟಿ ವೈದ್ಯರಿಗಿರಲಿ. ನಮ್ಮ ನಿಮ್ಮಂಥವರಿಗೆ ನಾಲ್ಕು ಮಾತು ಸಾಕು.

ಒಂದು, ಅವಸರ. ಪ್ರೀತಿಯಾಗಲಿ, ಸಂಬಂಧವಾಗಲಿ, ಸಹಿಯಾಗಲಿ ಇವತ್ತೇ ಆಗಬೇಕು ಎನ್ನುವವರ ಮುಂದೆ ಒಂದು ತಿಂಗಳು ತಡೆಯಿರಿ. ಒಳ್ಳೆಯವನು ಕಾಯುತ್ತಾನೆ.

ಎರಡು, ಗುಟ್ಟು. "ಮನ್ಯಾಗ ಹೇಳಬ್ಯಾಡ" ಎಂದು ಯಾರಾದರೂ ಹೇಳಿದರೆ, ಮಕ್ಕಳೆ, ಅವತ್ತೇ ಮನೆಯಲ್ಲಿ ಹೇಳಿ. ಮನೆಯವರೇ ಅಂಥವರಾಗಿದ್ದರೆ ಟೀಚರಿಗೆ ಹೇಳಿ.

ಮೂರು, ತನಗೆ ಲಾಭವಿಲ್ಲದವರ ಜೊತೆ ಆತ ಹೇಗಿರುತ್ತಾನೆ ನೋಡಿ. ಬೀಗರ ಮುಂದೆ ಎಲ್ಲರೂ ಬೆಲ್ಲವೇ. ಹೋಟೆಲಿನ ಹುಡುಗನ ಜೊತೆ, ಹಾಸಿಗೆ ಹಿಡಿದ ತಾಯಿಯ ಜೊತೆ, ಬಾಗಿಲ ಮುಂದಿನ ನಾಯಿಯ ಜೊತೆ ಹೇಗೆ?

ನಾಲ್ಕು, ಸಿಕ್ಕಿಬಿದ್ದಾಗ ಏನು ಮಾಡುತ್ತಾನೆ? ಅಳು ಪಶ್ಚಾತ್ತಾಪವಲ್ಲ. ಪಶ್ಚಾತ್ತಾಪಪಟ್ಟವನು ತೆಗೆದುಕೊಂಡದ್ದನ್ನು ಹಿಂದಿರುಗಿಸುತ್ತಾನೆ, ಮತ್ತೆ ಅದನ್ನು ಮಾಡುವುದಿಲ್ಲ. ಮೂರನೆಯ ಸಲವೂ ಅಳುವನ್ನೇ ಕೊಟ್ಟರೆ ಲೆಕ್ಕ ಮುಗಿಸಿ.

ಇವುಗಳಲ್ಲಿ ಒಂದೇ ಒಂದು ಕಂಡರೆ ಏನೂ ಸಾಬೀತಾಗುವುದಿಲ್ಲ. ನಾಲ್ಕೂ ಕೂಡಿ, ಹಲವು ವರ್ಷ, ಹಲವು ಕಡೆ ಕಂಡರೆ ಎಚ್ಚರ. ಹಲವು ಕಡೆಯದು ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೇ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಸಂಬಂಧ ಕೂಡಿಸುವಾಗ ವರನ ಊರಿಗೆ ಹೋಗಿ ಹೊಲ ಮನೆ ಕೇಳುತ್ತೇವೆ. ಅದರ ಜೊತೆ, ಈ ಮನುಷ್ಯ ಯಾರ ಸಾಲ ಉಳಿಸಿಕೊಂಡಿದ್ದಾನೆ, ಯಾರನ್ನು ಅಳಿಸಿದ್ದಾನೆ ಎಂದೂ ಕೇಳಿ. ಕೇಳಿದವರಿಗೆ ನಿಜ ಹೇಳಿ. ಅದು ಚಾಡಿಯಲ್ಲ.

ಗುರುಗಳಿಗೆ ಒಂದು ವಿನಂತಿ. ಈ ಹೆಸರನ್ನು ಯಾವ ಮಗುವಿಗೂ ಹಚ್ಚಬೇಡಿ. ಹದಿನೆಂಟು ತುಂಬದವರಿಗೆ ವೈದ್ಯರೂ ಹಚ್ಚುವುದಿಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎಷ್ಟು ಹೊಡೆದರೂ ಅಳುತ್ತಿರಲಿಲ್ಲ, ಕಲ್ಲೆದೆಯವನೆಂದು ನಾವೆಲ್ಲ ಕರೆಯುತ್ತಿದ್ದೆವು. ಮನೆಯಲ್ಲಿ ದಿನಾ ಪೆಟ್ಟು ತಿಂದು ಅವನ ಅಳು ಬತ್ತಿಹೋಗಿತ್ತು ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಆತ ಇವತ್ತು ಹಾಸಿಗೆ ಹಿಡಿದ ತಾಯಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದಾನೆ. ಭಯಗೊಂಡ ಮುಖ ಕಂಡಾಗ ಮಿಡಿಯಬೇಕಾದ ಮೆದುಳಿನ ಭಾಗ ಕೆಲವರಲ್ಲಿ ಮಂದವಾಗಿರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ, ನಿಜ. ಹುಟ್ಟಿನಿಂದ ಬಂದದ್ದು ಸ್ವಲ್ಪ, ಬೆಳೆದ ರೀತಿಯಿಂದ ಬಂದದ್ದು ಸ್ವಲ್ಪ. ಆದರೆ ಅಂಥ ಮಕ್ಕಳಿಗೂ ಪೆಟ್ಟಿನಿಂದ ಗುಣವಾಗುವುದಿಲ್ಲ. ಬೆಚ್ಚಗಿನ ಮಾತು, ಒಳ್ಳೆಯ ಕೆಲಸಕ್ಕೆ ಶಹಭಾಸ್, ಬದಲಾಗದ ನಿಯಮ, ಇವು ಕೆಲಸ ಮಾಡುತ್ತವೆ. ಮಗು ಮೂಕಪ್ರಾಣಿಗಳನ್ನು ಹಿಂಸಿಸುತ್ತಿದ್ದರೆ, ಸಣ್ಣವರನ್ನು ಕಾಡಿ ಖುಷಿಪಡುತ್ತಿದ್ದರೆ ಮುಚ್ಚಿಡದೆ ಬೇಗ ತಜ್ಞರಿಗೆ ತೋರಿಸಿ. ಹಳ್ಳಿಯವರಿಗೂ ಮಾನಸಿಕ ಚಿಕಿತ್ಸೆ ಸಿಗಲಿ ಎಂದು ನಿಮ್ಹಾನ್ಸ್ 1985ರ ಸುಮಾರಿಗೆ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗವೇ ಇಂದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ತುರ್ತಿಗೆ 112. ಈ ನಾಲ್ಕು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ಬಣ್ಣದ ಖರ್ಚು ನನ್ನದು.

ಒಂಬತ್ತನೆಯ ತರಗತಿಯ ಆ ತಂಗಿಗೆ ನನ್ನ ಉತ್ತರ ಇಷ್ಟು. ನೋಡಿದ ಕೂಡಲೇ ಗೊತ್ತಾಗುವುದಿಲ್ಲವ್ವ. ಆದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಿದರೆ ಗೊತ್ತಾಗುತ್ತದೆ. ಮೋಸ ಹೋಗುವುದು ನಾಚಿಕೆಯಲ್ಲ, ಮೋಸ ಮಾಡುವುದು ನಾಚಿಕೆ. ಇಷ್ಟನ್ನು ನಮ್ಮ ಊರು ಒಪ್ಪಿಕೊಂಡರೆ ಐದನೆಯ ಮನೆಯ ಬಾಗಿಲು ಉಳಿಯುತ್ತದೆ.