ತೋರಿಸ್ತೀರಾ? ರಾಸಾಯನಿಕ ಅಸ್ತ್ರಗಳ ಇನ್‌ಸ್ಪೆಕ್ಟರ್‌ಗಳ ಕೆಲಸದ ಬಗ್ಗೆ ಒಂದಿಷ್ಟು ಮಾತು

 

ಇನ್‌ಸ್ಪೆಕ್ಟರ್ ಅಂದ ತಕ್ಷಣ ನಮಗೆ ನೆನಪಾಗೋದು ಪೊಲೀಸ್ ಇನ್‌ಸ್ಪೆಕ್ಟರ್. ಇವತ್ತು ನಾನು ಹೇಳೋಕೆ ಹೊರಟಿರೋದು ಬೇರೆ ಥರದವರ ಬಗ್ಗೆ. ಇವರು ದೇಶದೇಶ ಸುತ್ತಿ, ಅಲ್ಲಿ ವಿಷಾನಿಲದಂಥ ಅಸ್ತ್ರಗಳು ಇದ್ದಾವಾ, ತಯಾರಾಗ್ತಿದ್ದಾವಾ, ಯಾರ ಮೇಲಾದ್ರೂ ಬಳಸಿದ್ದಾರಾ ಅಂತ ಪರೀಕ್ಷೆ ಮಾಡೋರು. ನಾನು ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರ್. ನನಗೂ ಕೆಮಿಸ್ಟ್ರಿಗೂ ಪಿಯುಸಿಗೇ ಮುಗಿದ ಸಂಬಂಧ. ಆದ್ರೂ ಈ ವಿಷಯ ಯಾಕೆ ಹಿಡಿದುಕೊಂಡೆ ಅನ್ನೋದಕ್ಕೆ ಒಂದು ಫೋನ್ ಕಾಲ್ ಕಾರಣ.

ನನ್ನ ಹಾಸ್ಟೆಲ್ ಗೆಳೆಯ ಒಬ್ಬ ಕೆಮಿಕಲ್ ಎಂಜಿನಿಯರ್. ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ರಾತ್ರಿ ಫೋನ್ ಮಾಡಿ, "ಮಾರಾಯ, ನಮ್ಮ ಪ್ಲಾಂಟ್‌ಗೆ ಹೇಗ್‌ನಿಂದ ಜನ ಬರ್ತಿದ್ದಾರೆ. ಐದು ದಿನ ಟೈಮ್ ಇದೆ" ಅಂದ. ಯಾವ ಹೇಗ್? ನೆದರ್‌ಲ್ಯಾಂಡ್ಸ್‌ನ ಹೇಗ್. ಅಲ್ಲಿ ರಾಸಾಯನಿಕ ಅಸ್ತ್ರಗಳ ನಿಷೇಧ ಸಂಸ್ಥೆ ಇದೆ, ಚಿಕ್ಕದಾಗಿ ಓಪಿಸಿಡಬ್ಲ್ಯು. ಇವನ ಕಾರ್ಖಾನೆಯಲ್ಲಿ ಮಾಡೋದು ಬಣ್ಣಕ್ಕೆ ಬೇಕಾದ ಮಾಲು. ಅದಕ್ಕೂ ಯುದ್ಧಕ್ಕೂ ಏನು ಸಂಬಂಧ ಅಂತ ನಾನು ಕೇಳಿದೆ.

ಸಂಬಂಧ ಇದೆ. ಬಾಲ್‌ಪೆನ್ ಇಂಕಿಗೆ, ಬಟ್ಟೆಯ ಬಣ್ಣಕ್ಕೆ ಬಳಸೋ ಥಯೋಡೈಗ್ಲೈಕಾಲ್ ಅನ್ನೋ ಕೆಮಿಕಲ್, ಮೈಯೆಲ್ಲ ಬೊಬ್ಬೆ ಎಬ್ಬಿಸೋ ಮಸ್ಟರ್ಡ್ ಗ್ಯಾಸ್‌ಗೆ ತೀರಾ ಹತ್ತಿರದ ನೆಂಟ. ಇನ್ನೂ ಹತ್ತಿರದ ಉದಾಹರಣೆ ಬೇಕಂದ್ರೆ ನಮ್ಮ ಅಜ್ಜಿಯರು ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆ. ಎಣ್ಣೆಯಿಂದ ತೊಂದರೆ ಇಲ್ಲ. ಆದ್ರೆ ಅದೇ ಹರಳು ಬೀಜದಲ್ಲಿ ರೈಸಿನ್ ಅನ್ನೋ ವಿಷ ಇದೆ, ಮತ್ತು ರೈಸಿನ್ ಹೆಸರು ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ, ಅಂದ್ರೆ ಶೆಡ್ಯೂಲ್ 1ರಲ್ಲಿ, ಸರಿನ್ ಪಕ್ಕದಲ್ಲೇ ಇದೆ. ಹಾಗಾಗಿ ಕಾರ್ಖಾನೆಗಳನ್ನು ಮುಚ್ಚಿಸೋಕಾಗಲ್ಲ, ಸುಮ್ಮನೆ ನಂಬೋಕೂ ಆಗಲ್ಲ. ಹೋಗಿ ನೋಡಲೇಬೇಕು.

ಗೆಳೆಯನ ಥರದ ಪ್ಲಾಂಟ್‌ಗೆ 120 ಗಂಟೆ ಮುಂಚೆ ನೋಟಿಸ್, ಪರೀಕ್ಷೆಗೆ 24 ಗಂಟೆ ಮಿತಿ. ಅವನು ಆಮೇಲೆ ಹೇಳಿದ್ದು ಇಷ್ಟು. "ಯಾರೂ ದನಿ ಏರಿಸ್ಲಿಲ್ಲ ಕಣೋ. ಒಂದು ಪೈಪ್ ಹಿಡಿದ್ರೆ ಅದು ಎಲ್ಲಿಗೆ ಹೋಗತ್ತೆ ಅಂತ ಕೊನೇ ತನಕ ನಡೆದ್ರು. ಒಂದು ಲೈನ್ ತೋರಿಸಿ, ಇದು ಬಂದ್ ಆಗಿದೆ ಸರ್ ಅಂದೆ. ಆ ಮನುಷ್ಯ ನಕ್ಕು, ತೋರಿಸ್ತೀರಾ ಅಂದ. ಮೆಟ್ಟಿಲು ಹತ್ತಿ ಹೋಗಿ ತೋರಿಸಿದೆ. ನೋಡಿ ಬರೆದುಕೊಂಡ."

ತೋರಿಸ್ತೀರಾ? ಈ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಡ್ತು. ಯಾಕೆ ಅಂತ ಕೊನೆಗೆ ಹೇಳ್ತೀನಿ. ಮೊದಲು ಸ್ವಲ್ಪ ಇತಿಹಾಸ ನೋಡೋಣ.

1915ರ ಏಪ್ರಿಲ್ 22. ಬೆಲ್ಜಿಯಂನ ಈಪ್ರ ಹತ್ತಿರ ಜರ್ಮನ್ ಸೈನ್ಯ ಸಿಲಿಂಡರ್‌ಗಳಿಂದ ಕ್ಲೋರಿನ್ ಬಿಟ್ಟಿತು. ಯುದ್ಧ ಮುಗಿದ ಮೇಲೆ, 1925ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಆಯ್ತು. ಅದು ಬಳಸಬೇಡಿ ಅಂತು, ಆದ್ರೆ ತಯಾರಿಸಬೇಡಿ, ಇಟ್ಟುಕೊಳ್ಳಬೇಡಿ ಅನ್ನಲಿಲ್ಲ. ಹೋಗಿ ನೋಡೋರು ಯಾರೂ ಇರಲಿಲ್ಲ. 1988ರ ಮಾರ್ಚ್‌ನಲ್ಲಿ ಇರಾಕಿನ ಹಲಬ್ಜಾ ಪಟ್ಟಣದಲ್ಲಿ ಸದ್ದಾಂ ಸರ್ಕಾರ ಸಾವಿರಾರು ಕುರ್ದ್ ಜನರನ್ನು ವಿಷಾನಿಲದಿಂದ ಕೊಂದಿತು. 1993ರಲ್ಲಿ ಪ್ಯಾರಿಸ್‌ನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು, 1997ರ ಏಪ್ರಿಲ್ 29ರಂದು ಜಾರಿಗೆ ಬಂತು. ಇದರಲ್ಲಿದ್ದ ಹೊಸ ವಿಷಯ ಅಂದ್ರೆ, ಮಾತು ಕೊಟ್ಟ ದೇಶದ ಮನೆಯೊಳಗೆ ಹೋಗಿ ನೋಡೋ ಹಕ್ಕು.

ಈಗ 193 ದೇಶಗಳು ಸದಸ್ಯರು. ಭಾರತ ತನ್ನ ಹತ್ತಿರ ಸಾವಿರ ಟನ್‌ಗೂ ಹೆಚ್ಚು ಮಸ್ಟರ್ಡ್ ಇದೆ ಅಂತ ಒಪ್ಪಿಕೊಂಡು, 2009ರ ಹೊತ್ತಿಗೆ ಎಲ್ಲವನ್ನೂ ನಾಶ ಮಾಡಿತು. ಹೀಗೆ ಪೂರ್ತಿ ಮುಗಿಸಿದ ಮೂರನೇ ದೇಶ ನಮ್ಮದು. ರಷ್ಯಾ 2017ರಲ್ಲಿ, ಅಮೆರಿಕ 2023ರ ಜುಲೈನಲ್ಲಿ ಮುಗಿಸಿದವು. ಎಲ್ಲ ದೇಶ ಸೇರಿ ಘೋಷಿಸಿದ್ದು 72,000 ಟನ್‌ಗೂ ಹೆಚ್ಚು. ನಾಶದ ಲೆಕ್ಕಕ್ಕೂ ಇನ್‌ಸ್ಪೆಕ್ಟರ್‌ಗಳೇ ಸಾಕ್ಷಿ. ಗ್ಯಾಸ್ ಮಾಸ್ಕ್ ಸೊಂಟಕ್ಕೆ ಕಟ್ಟಿಕೊಂಡು, ಶೆಲ್ ಎಣಿಸಿ, ಸೀಲ್ ನಂಬರ್ ತಾಳೆ ನೋಡಿ, ಶಿಫ್ಟ್ ಮೇಲೆ ಶಿಫ್ಟ್, ವರ್ಷಗಟ್ಟಲೆ. ಸಿನಿಮಾ ಮಾಡಿದ್ರೆ ಯಾರೂ ನೋಡಲ್ಲ.

ಸಿನಿಮಾ ಥರದ್ದು ಒಂದಿದೆ. 2013ರ ಆಗಸ್ಟ್ 21ರ ಬೆಳಗಿನ ಜಾವ ಸಿರಿಯಾದ ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ನೂರಾರು ಜನ, ಬಹಳ ಮಕ್ಕಳು, ಮೈಮೇಲೆ ಒಂದು ಗಾಯವೂ ಇಲ್ಲದೆ ಸತ್ತರು. ಆ ಹೊತ್ತಿಗೆ ಹಳೇ ಆರೋಪಗಳ ತನಿಖೆಗೆ ಅಂತ ವಿಶ್ವಸಂಸ್ಥೆಯ ತಂಡ ಡಮಾಸ್ಕಸ್‌ನಲ್ಲೇ ಇತ್ತು. ಸ್ವೀಡನ್‌ನ ವಿಜ್ಞಾನಿ ಓಕೆ ಸೆಲ್‌ಸ್ಟ್ರೋಮ್ ಮುಖ್ಯಸ್ಥರು, ಜೊತೆಗೆ ಓಪಿಸಿಡಬ್ಲ್ಯು ಪರಿಣತರು, ವಿಶ್ವ ಆರೋಗ್ಯ ಸಂಸ್ಥೆಯವರು. ಹತ್ತಿರದಲ್ಲೇ ಇದ್ದರೂ ಅಲ್ಲಿಗೆ ಹೋಗೋಕೆ ಐದು ದಿನ ಬೇಕಾಯ್ತು. ಆಗಸ್ಟ್ 26ರಂದು ಹೊರಟಾಗ ಮುಂದಿನ ಕಾರಿಗೆ ಸ್ನೈಪರ್ ಗುಂಡು ಬಿತ್ತು. ವಾಪಸ್ ಬಂದು, ಕಾರ್ ಬದಲಾಯಿಸಿಕೊಂಡು, ಮತ್ತೆ ಹೋದರು.

ಹೋಗಿ ಮಾಡಿದ್ದೇನು? ಮಣ್ಣು ಕೆರೆದರು, ರಾಕೆಟ್ ಚೂರು ಅಳೆದರು, ಬದುಕುಳಿದವರ ರಕ್ತ ತೆಗೆದುಕೊಂಡರು, ಅವರ ಮಾತು ಬರೆದುಕೊಂಡರು. ಸರಿನ್ ಬೇಗ ಆವಿಯಾಗುತ್ತೆ, ತೇವ ತಗುಲಿದ್ರೆ ಒಡೆದುಹೋಗುತ್ತೆ. ಆದ್ರೆ ಒಡೆದ ಚೂರುಗಳು ಮಣ್ಣಲ್ಲಿ ಉಳಿಯುತ್ತವೆ, ರಕ್ತದ ಪ್ರೋಟೀನ್‌ಗೆ ಅಂಟಿಕೊಂಡು ಕೂರುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೋಸೆಸ್ ಸತ್ತರೂ ಲಾಗ್ ಉಳಿದಿರುತ್ತೆ.

ಈಗ ನಮ್ಮಂಥ ಎಂಜಿನಿಯರ್‌ಗಳು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕಾದ ಭಾಗ. ಆ ಮಣ್ಣು, ಆ ರಕ್ತ ಅಲ್ಲಿಯದೇ ಅಂತ ಯಾರು ನಂಬ್ತಾರೆ? ಅದಕ್ಕೆ ಮಾದರಿ ತೆಗೆದ ಕ್ಷಣದಿಂದ ಬಾಟಲಿಗೆ ಸೀಲ್, ಸೀಲ್‌ಗೆ ನಂಬರ್, ಕೈ ಬದಲಾದಾಗಲೆಲ್ಲ ಸಹಿ. ಘೌಟಾದ ಮಾದರಿಗಳ ವಿಷಯದಲ್ಲಿ ಸಿರಿಯಾ ಸರ್ಕಾರದ ಇಬ್ಬರು ಅಧಿಕಾರಿಗಳು ಈ ಪ್ರಕ್ರಿಯೆಯನ್ನು ನಿಂತು ನೋಡ್ತಿದ್ದರು. ಅಂದ್ರೆ ಯಾರ ಮೇಲೆ ಅನುಮಾನವೋ ಅವರ ಕಣ್ಣೆದುರಿಗೇ.

ಓಪಿಸಿಡಬ್ಲ್ಯು ಪದ್ಧತಿಯಲ್ಲಿ ಹೀಗೆ ಬಂದ ಮಾದರಿ ಕನಿಷ್ಠ ಎರಡು ಲ್ಯಾಬ್‌ಗಳಿಗೆ ಹೋಗುತ್ತೆ. ಜೊತೆಗೆ ಏನೂ ಇಲ್ಲದ ಖಾಲಿ ಮಾದರಿ, ಬೇಕಂತಲೇ ಕೆಮಿಕಲ್ ಸೇರಿಸಿದ ಮಾದರಿ. ನಿಜವಾದದ್ದು ಯಾವುದು ಅಂತ ಲ್ಯಾಬ್‌ಗೆ ಹೇಳಲ್ಲ. ಈ ಲ್ಯಾಬ್‌ಗಳೂ ಪ್ರತಿ ವರ್ಷ ಪರೀಕ್ಷೆ ಬರೆಯಬೇಕು. ಇಲ್ಲದ ಕೆಮಿಕಲ್ ಇದೆ ಅಂತ ಒಂದು ಸಲ ಹೇಳಿದ್ರೂ ಆ ಪರೀಕ್ಷೆಯಲ್ಲಿ ಫೇಲ್. ಗ್ವಾಲಿಯರ್‌ನಲ್ಲಿರೋ ಡಿಆರ್‌ಡಿಓ ಲ್ಯಾಬ್ ಕೂಡ ಹೀಗೆ ಮಾನ್ಯತೆ ಪಡೆದದ್ದು.

ಕಾರ್ಖಾನೆಗಳ ವಿಷಯದಲ್ಲಿ ಇದರ ಉಲ್ಟಾ ಸಮಸ್ಯೆ. ಕಂಪನಿಗೆ ತನ್ನ ಫಾರ್ಮುಲಾ ಹೊರಗೆ ಹೋಗಬಾರದು. ಅದಕ್ಕೆ ಇನ್‌ಸ್ಪೆಕ್ಟರ್‌ಗಳ ಯಂತ್ರಕ್ಕೆ ಬ್ಲೈಂಡೆಡ್ ಮೋಡ್ ಇದೆ. ಸಾಫ್ಟ್‌ವೇರ್ ಎಲ್ಲವನ್ನೂ ಒಳಗೇ ಹೋಲಿಸಿ ನೋಡುತ್ತೆ, ನಿಷೇಧದ ಪಟ್ಟಿಗೆ ಸಂಬಂಧಪಟ್ಟದ್ದು ಸಿಕ್ಕರೆ ಮಾತ್ರ ಪರದೆ ಮೇಲೆ ತೋರಿಸುತ್ತೆ. ನೋಡಬೇಕಾದ್ದಕ್ಕಿಂತ ಹೆಚ್ಚು ನೋಡಬಾರದು ಅನ್ನೋದನ್ನೂ ಕೋಡ್‌ನಲ್ಲೇ ಬರೆದಿಟ್ಟಿದ್ದಾರೆ. ಆಕ್ಸೆಸ್ ಕಂಟ್ರೋಲ್ ಬಗ್ಗೆ ಸ್ಲೈಡ್ ಮಾಡೋರು ಈ ಉದಾಹರಣೆ ಇಟ್ಟುಕೊಳ್ಳಿ.

ನಮ್ಮ ಫೀಲ್ಡ್‌ಗೆ ನೇರವಾಗಿ ತಾಗೋ ಇನ್ನೊಂದು ಕಥೆ. 2018ರ ಏಪ್ರಿಲ್ 13ರಂದು ಹೇಗ್‌ನಲ್ಲಿ, ಓಪಿಸಿಡಬ್ಲ್ಯು ಕಟ್ಟಡದ ಪಕ್ಕದ ಹೋಟೆಲ್ ಪಾರ್ಕಿಂಗ್‌ನಲ್ಲಿ ಒಂದು ಬಾಡಿಗೆ ಕಾರ್ ನಿಂತಿತ್ತು. ಡಿಕ್ಕಿಯಲ್ಲಿ ವೈಫೈ ಕದ್ದು ಕೇಳೋ ಉಪಕರಣ, ಆಂಟೆನಾ ಮೇಲೆ ಒಂದು ಕೋಟು ಮುಚ್ಚಿತ್ತು. ಅದು ರಷ್ಯಾದ ಮಿಲಿಟರಿ ಗೂಢಚಾರ ಸಂಸ್ಥೆಯ ನಾಲ್ಕು ಜನರದ್ದು ಅಂತ ಡಚ್ ಸರ್ಕಾರ ಅದೇ ಅಕ್ಟೋಬರ್‌ನಲ್ಲಿ ಬಹಿರಂಗ ಮಾಡಿತು. ರಷ್ಯಾ ಒಪ್ಪಲಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಮಾಜಿ ಗೂಢಚಾರನೊಬ್ಬನಿಗೆ ನರವಿಷ ಹಾಕಿದ ಪ್ರಕರಣ, ಸಿರಿಯಾದ ಡೌಮಾ ಪ್ರಕರಣ, ಎರಡೂ ಆಗ ಸಂಸ್ಥೆಯ ಮೇಜಿನ ಮೇಲಿದ್ದವು. ಸುಮಾರು 500 ಜನರ ಒಂದು ಆಫೀಸಿನ ವೈಫೈಗೆ ಇಷ್ಟು ಕಷ್ಟಪಡೋರು ಇದ್ದಾರೆ ಅಂದ್ರೆ, ಆ ಆಫೀಸಿನ ಕಾಗದಕ್ಕೆ ಎಷ್ಟು ಬೆಲೆ ಇದೆ ನೀವೇ ಯೋಚನೆ ಮಾಡಿ.

ಹಾಗಂತ ಇವರನ್ನು ದೇವರು ಮಾಡೋದು ಬೇಡ. ಘೌಟಾ ವರದಿ 2013ರ ಸೆಪ್ಟೆಂಬರ್ 16ಕ್ಕೆ ಬಂತು. ರಕ್ತದ ಮಾದರಿಗಳಲ್ಲಿ ಶೇಕಡಾ 85ರಷ್ಟು ಸರಿನ್ ಪಾಸಿಟಿವ್. ಆದ್ರೆ ಯಾರು ಮಾಡಿದ್ದು ಅಂತ ವರದಿ ಹೇಳಲಿಲ್ಲ, ಹೇಳೋ ಅಧಿಕಾರವೇ ಆ ತಂಡಕ್ಕೆ ಕೊಟ್ಟಿರಲಿಲ್ಲ. ಮಗು ಕಳೆದುಕೊಂಡ ತಾಯಿ ಎದುರು ಕೂತು, ಏನಾಯ್ತು ಅಂತ ಬರೆದುಕೊಂಡು, ಯಾರು ಅಂತ ಬರೆಯದೆ ಎದ್ದು ಬರಬೇಕು. ಓಪಿಸಿಡಬ್ಲ್ಯುಗೆ ಯಾರು ಅಂತ ಗುರುತಿಸೋ ಅಧಿಕಾರ ಸಿಕ್ಕಿದ್ದು 2018ರಲ್ಲಿ.

2013ರ ಅಕ್ಟೋಬರ್‌ನಲ್ಲಿ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಿರಿಯಾ ಒಪ್ಪಂದಕ್ಕೆ ಸೇರಿ ಸುಮಾರು 1,300 ಟನ್ ಘೋಷಿಸಿತು, ಅದನ್ನು ದೇಶದಿಂದ ಹೊರಗೆ ಸಾಗಿಸಿದರು. ಆದ್ರೆ 2017ರ ಏಪ್ರಿಲ್‌ನಲ್ಲಿ ಖಾನ್ ಶೇಖೂನ್‌ನಲ್ಲಿ ಮತ್ತೆ ಸರಿನ್! ಅಂದ್ರೆ ಕೊಟ್ಟ ಪಟ್ಟಿ ಪೂರ್ತಿ ಇರಲಿಲ್ಲ. 2014ರ ಮೇ ತಿಂಗಳಲ್ಲಿ ತಂಡದ ವಾಹನದ ಕೆಳಗೆ ಬಾಂಬ್ ಸಿಡಿದು, ಕೆಲವರನ್ನು ಬಂದೂಕುಧಾರಿಗಳು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿದ್ದೂ ಇದೆ. ಡೌಮಾ ವರದಿ ಬಗ್ಗೆ ಸಂಸ್ಥೆಯ ಒಳಗಿಂದಲೇ ಭಿನ್ನಾಭಿಪ್ರಾಯ ಬಂದು ದೊಡ್ಡ ಜಗಳ ಆಯ್ತು. ಇಷ್ಟೆಲ್ಲ ಮಾಡಿದವರಿಗೂ ಇದು ಜೀವನಪೂರ್ತಿ ನೌಕರಿ ಅಲ್ಲ. ಸಾಮಾನ್ಯವಾಗಿ ಏಳು ವರ್ಷ, ಆಮೇಲೆ ಮನೆಗೆ. ನೋಡಿದ ಗುಟ್ಟುಗಳನ್ನು ಹೊರಗೆ ಹೇಳೋ ಹಾಗೂ ಇಲ್ಲ.

ಹಾಗಾದ್ರೆ ಈ ಕೆಲಸದಿಂದ ಏನು ಉಪಯೋಗ ಅಂತ ನಾನೂ ಕೇಳಿಕೊಂಡಿದ್ದೀನಿ. ಅದಕ್ಕೆ ಉತ್ತರ ಸಿಕ್ಕಿದ್ದು ನನ್ನದೇ ಒಂದು ತಪ್ಪಿನಲ್ಲಿ.

ಕೆಲವು ವರ್ಷದ ಹಿಂದೆ, ಆಗ ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಆಡಿಟ್ ಬಂತು. ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲು: ಬ್ಯಾಕಪ್ ರೀಸ್ಟೋರ್ ಮಾಡಿ ಪರೀಕ್ಷಿಸಲಾಗಿದೆಯೇ? ಬ್ಯಾಕಪ್ ಜಾಬ್ ದಿನಾ ಹಸಿರು ತೋರಿಸ್ತಿತ್ತು. ನಾನು ಹೌದು ಅಂತ ಟಿಕ್ ಹಾಕಿದೆ. ರೀಸ್ಟೋರ್ ಮಾಡಿ ನೋಡಿರಲಿಲ್ಲ. ಆಡಿಟರ್ ಕೂಡ ತೋರಿಸ್ತೀರಾ ಅಂತ ಕೇಳಲಿಲ್ಲ, ಅವರಿಗೂ ಊಟದ ಹೊತ್ತಾಗಿತ್ತು. ಎರಡು ತಿಂಗಳಾದ ಮೇಲೆ ನಿಜವಾಗಿ ಬೇಕಾದಾಗ ರೀಸ್ಟೋರ್ ಆಗಲಿಲ್ಲ. ಮೂರು ದಿನದ ಡೇಟಾ ಹೋಯ್ತು. ಕ್ಲೈಂಟ್ ಕಡೆಯವರು ಶನಿವಾರ, ಭಾನುವಾರ ಕೂತು ಕೈಯಾರೆ ಮತ್ತೆ ಎಂಟ್ರಿ ಮಾಡಿದ್ರು. ಬೈಗುಳ ತಿಂದಿದ್ದು ಆ ವಾರ ಆನ್‌ಕಾಲ್‌ನಲ್ಲಿದ್ದ ಒಬ್ಬ ಹೊಸ ಹುಡುಗ. ನಾನು ಒಂದು ವಾರ ಬಾಯಿ ಬಿಡಲಿಲ್ಲ. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಆ ಒಂದು ವಾರ ಆ ಹುಡುಗ ಕ್ಯಾಂಟೀನಲ್ಲಿ ಒಬ್ಬನೇ ಕೂತು ಊಟ ಮಾಡ್ತಿದ್ದ ದೃಶ್ಯ ಇನ್ನೂ ಮರೆತಿಲ್ಲ.

ನನ್ನ ಟಿಕ್ ಮಾರ್ಕ್‌ಗೂ ಸಿರಿಯಾದ ಮಕ್ಕಳಿಗೂ ಹೋಲಿಕೆ ಮಾಡ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನಾನು ಹೇಳ್ತಿರೋದು ಇಷ್ಟೇ. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆದಾಗ ಅದರ ಭಾರ ಬೀಳೋದು ಬರೆದವನ ಮೇಲಲ್ಲ, ಬೇರೆ ಯಾರದ್ದೋ ಮೇಲೆ. ಮಸ್ಟರ್ಡ್ ಪೀಪಾಯಿ ಎಣಿಸೋನು ಒಂದನ್ನು ನೋಡದೇ ಟಿಕ್ ಹಾಕಿದ್ರೆ, ಆ ಪೀಪಾಯಿ ಎಲ್ಲಿ ತೆರೆದುಕೊಳ್ಳುತ್ತೋ ಅಲ್ಲಿ ಅವನಿರಲ್ಲ. ಅದೇ ರೀತಿ, ಗೊತ್ತಾಗದ್ದನ್ನು ಸಿಟ್ಟಿನಲ್ಲಿ ಗೊತ್ತಾಯ್ತು ಅಂತ ಬರೆದ್ರೂ ಕೆಲಸ ಕೆಡುತ್ತೆ. ಘೌಟಾ ತಂಡ ಆಗ ಒಂದು ಹೆಸರು ಬರೆದುಬಿಟ್ಟಿದ್ದರೆ, ಸರಿನ್ ಬಳಕೆ ಆಗಿದೆ ಅನ್ನೋ ಅವರ ಮಾತನ್ನೂ ಪಕ್ಷಪಾತ ಅಂತ ತಳ್ಳಿಹಾಕೋದು ಸುಲಭವಾಗ್ತಿತ್ತು. ಅವರು ನೋಡಿದ್ದಷ್ಟೇ ಬರೆದರು. ಅದಕ್ಕೇ ಆ ಕಾಗದ ಉಳಿದಿದೆ. 2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಸರ್ಕಾರ ಬಿದ್ದ ಮೇಲೆ, 2025ರಲ್ಲಿ ಓಪಿಸಿಡಬ್ಲ್ಯು ತಂಡಗಳು ಮತ್ತೆ ಸಿರಿಯಾಗೆ ಹೋದವು, ಹಳೇ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಹುಡುಕೋಕೆ.

ನಮ್ಮಲ್ಲಿ ಯಾರಾದ್ರೂ, ಅಥವಾ ನಮ್ಮ ತಮ್ಮ, ತಂಗಿಯರಲ್ಲಿ ಕೆಮಿಸ್ಟ್ರಿ, ಕೆಮಿಕಲ್ ಎಂಜಿನಿಯರಿಂಗ್ ಓದಿದವರಿದ್ದರೆ, ಇಂಥದ್ದೊಂದು ಕೆಲಸ ಇದೆ ಅಂತ ಅವರಿಗೆ ಹೇಳಿ. ಎಲ್ಲರೂ ಕೊನೆಗೆ ನಮ್ಮ ಜೊತೆ ಜಾವಾ ಬರೆಯೋಕೇ ಬರಬೇಕು ಅಂತೇನಿಲ್ಲ.

ಆ ಹೊಸ ಹುಡುಗ ಈಗ ಬೇರೆ ಊರಲ್ಲಿ, ನನಗಿಂತ ಒಳ್ಳೆ ಕೆಲಸದಲ್ಲಿದ್ದಾನೆ. ನನ್ನ ಟೀಮ್‌ನಲ್ಲಿ ಈಗ ಪ್ರತಿ ತಿಂಗಳ ಮೊದಲ ಬುಧವಾರ ರೀಸ್ಟೋರ್ ಮಾಡಿ ನೋಡ್ತೀವಿ. ಯಾರಾದ್ರೂ "ಆಗಿದೆ ಅಣ್ಣಾ" ಅಂದ್ರೆ, "ತೋರಿಸ್ತೀಯಾ?" ಅಂತೀನಿ. ಮೊದಮೊದಲು ಬೇಜಾರು ಮಾಡಿಕೊಳ್ತಿದ್ರು. ಈಗ ಕೇಳೋಕೆ ಮುಂಚೆಯೇ ಸ್ಕ್ರೀನ್ ತಿರುಗಿಸ್ತಾರೆ.